ಪತ್ತಾರರ ನಾಳೆ

ಮಲಪ್ರಭೆಯ ಸೀಮೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳೆಂಬ ನಾಲ್ಕು ಊರುಗಳಲ್ಲಿ ನೀವು ಯಾವ ಊರಿನ ಪೇಟೆಯನ್ನೇ ಹೊಕ್ಕರೂ, ಅರಿವೆ ಅಂಗಡಿಗಳ ಸಾಲು ಮುಗಿದು ಭಾಂಡೆ ಅಂಗಡಿಗಳ ಸದ್ದು ಮೊದಲಾಗುವ ಸಂದಿಯಲ್ಲಿ, ಇಬ್ಬರು ಗಿರಾಕಿಗಳು ಕುಳಿತರೆ ಮೂರನೆಯವರು ಮೆಟ್ಟಿಲ ಮೇಲೆ ನಿಲ್ಲಬೇಕಾಗುವಷ್ಟು ‘ವಿಶಾಲ’ವಾದ ಒಂದು ಅಂಗಡಿಯನ್ನೂ, ಅದರೊಳಗೆ ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲ್ಭಾಗದಿಂದ ಬೀದಿಯನ್ನೂ ಕೆಳಭಾಗದಿಂದ ಬಂಗಾರವನ್ನೂ ಏಕಕಾಲದಲ್ಲಿ ಅವಲೋಕಿಸುತ್ತ ಕುಳಿತಿರುವ ಒಬ್ಬ ಗೃಹಸ್ಥರನ್ನೂ ಕಾಣುವಿರಿ. ಊರು ಬೇರೆ, ಗೋಡೆಯ ಬಣ್ಣ ಬೇರೆ, ಫಲಕದ ಮೇಲಿನ ದೇವರೂ ಬೇರೆ. ಗೃಹಸ್ಥರು ಮಾತ್ರ ಒಬ್ಬರೇ. ಆದುದರಿಂದ ನಾನಿಲ್ಲಿ ಯಾರ ಹೆಸರನ್ನೂ ಎತ್ತದೆ, ಊರವರು ಕರೆಯುವಂತೆ ‘ಪತ್ತಾರ ಕಾಕಾ’ ಎಂದಷ್ಟೇ ಅವರನ್ನು ಕರೆಯುವೆನು. ತೂಕದ ವಿಷಯದಲ್ಲಿ ಅವರು ಸಾಕ್ಷಾತ್ ಹರಿಶ್ಚಂದ್ರನ ವಂಶಸ್ಥರು. ವಾಯಿದೆಯ ವಿಷಯದಲ್ಲಿ ಆ ವಂಶದೊಡನೆ ಯಾವ ನಂಟನ್ನೂ ಒಪ್ಪಿಕೊಳ್ಳದವರು.

ಕಾಕಾ ಅವರ ದಿನವು ಕಸಬರಿಗೆಯಿಂದ ಆರಂಭವಾಗುತ್ತದೆ. ಅಂಗಡಿಯಲ್ಲಿ ಚಹಾ ತರುವ ಹುಡುಗನಿದ್ದಾನೆ, ಗಾದಿಯ ಧೂಳು ಕೊಡವುವ ಅಳಿಯನಿದ್ದಾನೆ; ಆದರೆ ತಾವು ಕುಳಿತು ಕೆಲಸ ಮಾಡುವ ಜಾಗವನ್ನು ಗುಡಿಸುವ ಅಧಿಕಾರವನ್ನು ಅವರು ಈವರೆಗೆ ಯಾರಿಗೂ ಬಿಟ್ಟುಕೊಟ್ಟಿಲ್ಲ. ಅರದಿಂದ ಉಜ್ಜುವಾಗ ಉದುರಿದ ಬಂಗಾರದ ಕಣಗಳು ಆ ಧೂಳಿನಲ್ಲಿ ಸೇರಿರುವುದರಿಂದ, ಅದನ್ನು ಕುಂಚದಿಂದ ಒಟ್ಟುಗೂಡಿಸಿ, ಒಂದು ತಗಡಿನ ಡಬ್ಬಿಗೆ ತುಂಬಿ, ಡಬ್ಬಿಯನ್ನು ಕಪಾಟಿನಲ್ಲಿಟ್ಟು, ಕಪಾಟಿಗೆ ಬೀಗ ಹಾಕುವರು. ವರುಷಕ್ಕೊಮ್ಮೆ ಆ ಕಸವನ್ನು ಕೊಂಡುಹೋಗಿ, ಸುಟ್ಟು, ತೊಳೆದು, ಬಂಗಾರ ತೆಗೆಯುವವರು ಬರುತ್ತಾರೆ. ಬಳಿಕ ಕಾಕಾ ಎಲೆಕ್ಟ್ರಾನಿಕ್ ಕಾಟಾಕ್ಕೂ, ಅದರ ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಿವೃತ್ತಿವೇತನವಿಲ್ಲದೆ ನಿವೃತ್ತವಾಗಿರುವ ಹಿತ್ತಾಳೆಯ ತ್ರಾಸಿಗೂ ಊದುಬತ್ತಿ ಬೆಳಗಿ, ಗೋಡೆಯ ಮೇಲಿರುವ ಕಾಳಿಕಾದೇವಿಗೂ, ಎಲ್ಲಮ್ಮನಿಗೂ, ಚೆನ್ನಮ್ಮ ರಾಣಿಗೂ, ತಮ್ಮ ತಂದೆಯವರಿಗೂ ಇದೇ ಅನುಕ್ರಮದಲ್ಲಿ ಕೈಮುಗಿದು, ಅಗ್ಗಿಷ್ಟಿಗೆಯ ಮುಂದೆ ಕುಳಿತುಕೊಳ್ಳುವರು.

ತೂಕದಲ್ಲಿ ಅವರ ನಿಷ್ಠೆ ಎಷ್ಟೆಂದರೆ, ಅದು ಸರಕಾರದ ಲೆಕ್ಕಕ್ಕೂ ಬಾಗುವುದಿಲ್ಲ. ಮೆಟ್ರಿಕ್ ತೂಕಗಳ ಕಾಯಿದೆಯು 1956ರಲ್ಲಿಯೇ ಬಂದಿತು. ಕಾಟಾದ ಕೆಂಪು ಅಂಕಿಗಳು ಗ್ರಾಮಿನ ಹೊರತು ಮತ್ತೇನನ್ನೂ ಬಲ್ಲವಲ್ಲ. ಆದರೆ ಕಾಕಾ ಅವರ ಮನಸ್ಸಿನೊಳಗೆ ಇಂದಿಗೂ 8 ಗುಂಜಿಗೆ 1 ಮಾಸಿ, 12 ಮಾಸಿಗೆ 1 ತೊಲೆ. ಆ 96 ಗುಂಜಿಯ ಹಳೆಯ ತೊಲೆಯು ಸುಮಾರು 11.66 ಗ್ರಾಂ ತೂಗುತ್ತಿದ್ದಿತು. ಇಂದಿನ ಪೇಟೆಯು 10 ಗ್ರಾಮಿಗೇ ತೊಲೆ ಎಂದು ಹೆಸರಿಟ್ಟು ಸುಮ್ಮನಾಗಿದೆ. ಅಕ್ಕಸಾಲಿಗರ ಪ್ರಾಮಾಣಿಕತೆಯ ಬಗ್ಗೆ ಯಾರಾದರೂ ಹಗುರವಾಗಿ ನುಡಿದರೆ ಕಾಕಾ ಊದುಗೊಳವೆಯನ್ನು ಬಾಯಿಂದ ತೆಗೆದು, “ಕಳ್ಳರು ನಾವಲ್ರೀ, ತೊಲಿಯೊಳಗಿಂದ ಒಂದೂವರಿ ಗ್ರಾಮ ಹೊತಗೊಂಡ ಹೋದಾವರು ಬ್ಯಾರೇನ ಅದಾರ. ಅವರನ್ನ ಹಿಡೀರಿ ಮೊದಲ” ಎಂದು ಉತ್ತರಿಸುವರು.

ಇಂತಹ ಗುಂಜಿನಿಷ್ಠರ ಬಾಯಲ್ಲಿ ಕಾಲವೆಂಬುದು ಹೇಗೆ ಕರಗಿದ ಲಾಕ್ಷೆಯಾಗುವುದೆಂಬುದನ್ನು ನೋಡಬೇಕಾದರೆ, ಮಾಡಲು ಕೊಟ್ಟ ಒಡವೆಯನ್ನು ಒಯ್ಯಲು ಹಳ್ಳಿಯಿಂದ ಬಸ್ಸಿಳಿದು ಬರುವ ಅಜ್ಜಿಯೊಬ್ಬಳ ಹಿಂದೆಯೇ ನೀವೂ ಅಂಗಡಿಯನ್ನು ಹತ್ತಬೇಕು.

“ಏನ ಪತ್ತಾರಪ್ಪಾ, ಮಮ್ಮಗಳ ಬೋರಮಾಳ ಆತೇನೋ?”

“ಬರ್ರಿ ಆಯಿ, ಕುಂದರ್ರಿ. ಆದಂಗನ ಐತ್ರಿ.”

“ಆದಂಗ ಅಂದ್ರ?”

“ಬರೇ ಪೋಣಸೂದ ಉಳದೈತ್ರಿ.”

“ಹಂಗಾರ ಪೋಣಿಸಿ ಕೊಡು. ಕುಂದರತೀನಿ.”

“ಪೋಣಸಾಕ ಮದಲ ಪಾಲಿಶ್ ಆಗಬೇಕಲ್ರೀ.”

“ಪಾಲಿಶ್ ಮಾಡು.”

“ಮಣಿಯೊಳಗ ಅರಗ ತುಂಬಿದ ಮ್ಯಾಲೆ ಪಾಲಿಶ್ ಅಲ್ಲೇನ್ರಿ ಆಯಿ?”

“ಅರಗ ತುಂಬಿಲ್ಲೇನು? ಮಣಿಯರೆ ಆಗ್ಯಾವೋ ಇಲ್ಲೋ?”

ಪ್ರಶ್ನೆಯು ಈ ಅಪಾಯಕರ ಸ್ಥಾನವನ್ನು ಮುಟ್ಟುವ ಹೊತ್ತಿಗೆ ಸರಿಯಾಗಿ ಚಹಾ ಬರುತ್ತದೆ. ಚಹಾ ಕುಡಿದಾದ ಮೇಲೆ ತಿಳಿದುಬರುವುದೇನೆಂದರೆ, ಅಜ್ಜಿಯು ದೀಪಾವಳಿಗೆ ಕೊಟ್ಟುಹೋದ ಬಂಗಾರವು ಅದೇ ಗುಲಾಬಿ ಕಾಗದದಲ್ಲಿ, ಅದೇ ಮಡಿಕೆಯಲ್ಲಿ, ಒಂದು ಗುಂಜಿಯೂ ಏರದೆ ಇಳಿಯದೆ ತಿಜೋರಿಯಲ್ಲಿ ಸುಖವಾಗಿದೆ ಎಂಬುದು. ಕಾಕಾ ಅದನ್ನು ಬಿಚ್ಚಿ, ಕಾಟಾದ ಮೇಲಿಟ್ಟು, ಅಜ್ಜಿಯ ಕಣ್ಣೆದುರಿಗೇ ತೂಗಿ, “ನೋಡ್ರಿ, ಕೊಟ್ಟಷ್ಟ ಐತಿಲ್ಲೋ?” ಎಂದು ಕೇಳುವರು. ಇದೆ ಎಂದು ಅಜ್ಜಿಯು ಒಪ್ಪಲೇಬೇಕಾಗುತ್ತದೆ. ಬೈಯಲು ಬಂದವಳು ಪ್ರಾಮಾಣಿಕತೆಯ ಪ್ರಮಾಣಪತ್ರವನ್ನು ಕೊಟ್ಟು, ‘ನಾಳೆ’ ಎಂಬ ಹೊಸ ವಾಯಿದೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತುವಳು.

ಈ ‘ನಾಳೆ’ಯು ವಂಶಪಾರಂಪರ್ಯವಾಗಿ ಬಂದುದು. ಭಾವೆ ಮನೆತನದವರು ಆಳುತ್ತಿದ್ದ ರಾಮದುರ್ಗ ಸಂಸ್ಥಾನವು 1948ರಲ್ಲಿ ವಿಲೀನವಾದುದನ್ನು ಇತಿಹಾಸಕಾರರು ಬೇರೆ ಬೇರೆ ಕಾರಣಗಳಿಂದ ವಿವರಿಸಬಹುದು. ಆದರೆ ಅಲ್ಲಿಯ ಪೇಟೆಯ ಕುಚೋದ್ಯಗಾರರು ಹೇಳುವುದೇ ಬೇರೆ. ವಾಡೆಯಿಂದ ಬಂದ ಒಡವೆಯ ಕೆಲಸಕ್ಕೆ ಕಾಕಾ ಅವರ ಅಜ್ಜನು ‘ನಾಳೆ’ ಎಂದು ಹೇಳಿಕಳಿಸಿದನಂತೆ. ಆ ನಾಳೆ ಬರುವುದರೊಳಗಾಗಿ ಸಂಸ್ಥಾನವೇ ಇಲ್ಲದಾಯಿತಂತೆ.

ಆದರೆ ಒಂದು ಅಪವಾದವನ್ನು ಹೇಳದಿದ್ದರೆ ಅನ್ಯಾಯವಾದೀತು. ಸವದತ್ತಿಯ ಕಾಕಾ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಮೊದಲು, ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳು ಸಾಲುಗಟ್ಟುವ ದಿನಗಳಲ್ಲಿ, ಅದ್ಭುತವಾದ ಕ್ಷಿಪ್ರತೆಯನ್ನು ಪ್ರದರ್ಶಿಸುವರು. ಕಣ್ಣುಬೇನೆ ವಾಸಿಯಾದವರು ಹರಕೆಯ ಬೆಳ್ಳಿ ಕಣ್ಣುಗಳನ್ನು ಕೇಳುತ್ತಾರೆ; ಕೂಸು ಹುಟ್ಟಿದವರು ಬೆಳ್ಳಿಯ ತೊಟ್ಟಿಲನ್ನು ಕೇಳುತ್ತಾರೆ; ಇವೆಲ್ಲವೂ ಹುಣ್ಣಿಮೆಗೆ ನಾಲ್ಕು ದಿನ ಮುಂಚೆಯೇ ಗಾಜಿನ ಪೆಟ್ಟಿಗೆಯಲ್ಲಿ ಸಿದ್ಧವಾಗಿರುತ್ತವೆ. ಏಕೆಂದರೆ ಗಿರಾಕಿಗೆ ‘ನಾಳೆ ಬಾ’ ಎನ್ನಬಹುದೇ ಹೊರತು ಚಂದ್ರನಿಗೆ ಹೇಳಲಾಗದು. ಮೇಲಾಗಿ, ನೂರಾರು ಬೆಳ್ಳಿಯ ಕಣ್ಣುಗಳು ತಟ್ಟೆಯಿಂದ ಎವೆಯಿಕ್ಕದೆ ದಿಟ್ಟಿಸುತ್ತಿರುವಾಗ ತಕ್ಕಡಿಯಲ್ಲಿ ಬೆರಳಾಡಿಸುವ ಧೈರ್ಯವು ಯಾವನಿಗಿದ್ದೀತು?

ಇತ್ತೀಚೆಗೆ ಧಾರವಾಡದಲ್ಲಿ ಓದುತ್ತಿರುವ ತರುಣನೊಬ್ಬನು ಕಾಕಾ ಅವರ ಬಳಿಗೆ ಬಂದು, ಅವರ ಕಲೆಗೆ ಸ್ಫೂರ್ತಿಯು ಎಲ್ಲಿಂದ ಬರುವುದೆಂದು ಕೇಳಿದನು. ಸ್ಫೂರ್ತಿಯೆಂಬುದು ಗ್ರಾಮಿಗೆ ಎಷ್ಟು ಬೀಳುತ್ತದೆಂಬುದನ್ನು ತಿಳಿಯದ ಕಾಕಾ ಒಂದು ಗಳಿಗೆ ಯೋಚಿಸಿ, ತಮ್ಮ ತಟ್ಟೆಯಲ್ಲಿದ್ದುದನ್ನೇ ಒಂದೊಂದಾಗಿ ತೋರಿಸಿದರು: ಬೋರೆಹಣ್ಣಿನಾಕಾರದ ಬೋರಮಾಳ, ಅವಲಕ್ಕಿ ಸರ, ಜೀರಿಗೆಯಷ್ಟೇ ಸಣ್ಣ ಮಣಿ. ಹೊಲದ ಬದುವಿನಿಂದ ಮೊದಲಾಗಿ ಅಡುಗೆಮನೆಯ ಮಾಡದವರೆಗಿನ ಸಾಮಗ್ರಿಯೆಲ್ಲವೂ ನಮ್ಮ ಹೆಣ್ಣುಮಕ್ಕಳ ಕೊರಳಿನಲ್ಲಿ ನೇತಾಡುತ್ತಿರುವುದನ್ನು ಕಂಡು ತರುಣನು ವಿಸ್ಮಿತನಾಗಿ, ಇದು ಕೃಷಿ ಸಂಸ್ಕೃತಿಯ ಸೌಂದರ್ಯಪ್ರಜ್ಞೆಯಲ್ಲವೇ ಎಂದನು. “ಅದೇನೋ ನನಗ ಗೊತ್ತಿಲ್ಲ, ತಮ್ಮಾ,” ಎಂದರು ಕಾಕಾ. “ನಮ್ಮ ಹಿರ್‍ಯಾರು ಹಸದ ಹೊಟ್ಟಿಲೆ ಕುಂತ ಕೆಲಸಾ ಮಾಡಿದವರು. ಕಣ್ಣಿಗೆ ಬರೇ ತಿನ್ನೂದ ಕಾಣತಿತ್ತು.”

ಮದುವೆಯ ಹುಡುಗಿಯರು ಮೊಬೈಲಿನಲ್ಲಿ ನಟಿಯರ ಕಂಠೀಹಾರಗಳನ್ನು ತೋರಿಸಿ ಇಂಥದೇ ಬೇಕೆಂದಾಗ ಕಾಕಾ ಚಿತ್ರವನ್ನು ಹಿಗ್ಗಿಸಿ, ಕುಗ್ಗಿಸಿ, ತಲೆಕೆಳಗು ಮಾಡಿ ನೋಡಿ, “ಆಗತೈತಿ” ಎನ್ನುವರು. ತಿಂಗಳುಗಳ ನಂತರ ಸಿದ್ಧವಾಗಿ ಬರುವುದು ಬೋರಮಾಳವೇ. ಕಿತ್ತೂರಿನ ಕಾಕಾ ಅವರಂತೂ 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರವನ್ನು ಎಷ್ಟು ಸಲ ನೋಡಿದರೂ ಬಿ. ಸರೋಜಾದೇವಿಯವರ ಅಭಿನಯದ ಬಗ್ಗೆ ಒಂದು ಮಾತನ್ನೂ ಆಡಲಾರರು. ರಾಣಿಯ ಕೊರಳನ್ನೇ ದಿಟ್ಟಿಸಿ ನೋಡಿ, “ತಗಡು, ಬರೇ ತಗಡು” ಎಂದು ನಿಟ್ಟುಸಿರು ಬಿಡುವರು. 1824ರ ಅಕ್ಟೋಬರ್ 23ರ ಯುದ್ಧದ ಬಗೆಗೂ ಅವರದು ಸ್ವತಂತ್ರವಾದ ಮತ. ಕಲೆಕ್ಟರ್ ಥ್ಯಾಕರೆಯು ಅಂದು ಹತನಾದುದಕ್ಕೆ ದತ್ತಕದ ತಕರಾರು ಒಂದು ನೆವ ಮಾತ್ರ. ಪರರ ಖಜಾನೆಯನ್ನು ತ್ರಾಸಿಲ್ಲದೆ, ಪಾವತಿಯಿಲ್ಲದೆ ವಶಕ್ಕೆ ತೆಗೆದುಕೊಳ್ಳಲು ಬಂದವನಿಗೆ ಬೇರೆ ಗತಿಯೇ ಇರಲಿಲ್ಲವೆಂಬುದು ಅವರ ಸಿದ್ಧಾಂತ.

ಸರಕಾರಗಳೊಡನೆ ಈ ವೃತ್ತಿಯ ಸಂಬಂಧವು ಎಂದೂ ಅಷ್ಟು ಮಧುರವಾಗಿದ್ದಿಲ್ಲ. ಚೀನಾದೊಡನೆ ಯುದ್ಧವಾದ ಬೆನ್ನಿಗೇ, 1963ರ ಜನವರಿಯಲ್ಲಿ, ಅರ್ಥಮಂತ್ರಿ ಮೊರಾರ್ಜಿ ದೇಸಾಯಿಯವರು ಸುವರ್ಣ ನಿಯಂತ್ರಣವನ್ನು ತಂದು, ಹೊಸ ಒಡವೆಗಳು 14 ಕ್ಯಾರಟ್ಟನ್ನು ಮೀರಬಾರದೆಂದು ವಿಧಿಸಿದಾಗ, ನೂರಕ್ಕೆ 58 ಪಾಲು ಮಾತ್ರ ಬಂಗಾರವಿರುವ ತಾಳಿಯನ್ನು ಕಟ್ಟಿದರೆ ಸಂಸಾರವೂ ಅಷ್ಟೇ ಪಾಲು ನಡೆದೀತೆಂದು ಬೀಗಿತ್ತಿಯರು ಹೆದರಿದರೆಂದೂ, ಗೋಡೆಯ ಮೇಲಿರುವ ತಮ್ಮ ತಂದೆಯವರು ಆ ಕಾಲದಲ್ಲಿ ತಾಮ್ರದ ತಂಬಿಗೆಗಳಿಗೆ ಬೆಸುಗೆ ಹಾಕಿ ದಿನ ಕಳೆದರೆಂದೂ ಕಾಕಾ ನೆನೆಯುವರು. 1968ರ ಕಾಯಿದೆಯಾಗಿ ಬೆಳೆದ ಆ ನಿಯಂತ್ರಣವು 1990ರಲ್ಲಿ ತೊಲಗಿತು. ಈಗ ಹಾಲ್‌ಮಾರ್ಕಿನ ಕಾಲ. 2021ರ ಜೂನ್ 16ರಿಂದ ಮೊದಲು 256 ಜಿಲ್ಲೆಗಳಲ್ಲಿ ಅದು ಕಡ್ಡಾಯವಾದಾಗ, ವರುಷಕ್ಕೆ 40 ಲಕ್ಷ ರೂಪಾಯಿಯವರೆಗೆ ವಹಿವಾಟುಳ್ಳ ಸಣ್ಣ ಅಂಗಡಿಗಳಿಗೆ ವಿನಾಯಿತಿ ದೊರೆಯಿತು. ಈ ಔದಾರ್ಯವು ಕಾಕಾ ಅವರನ್ನು ಧರ್ಮಸಂಕಟಕ್ಕೆ ಗುರಿಮಾಡಿತು. ವಿನಾಯಿತಿಯನ್ನು ಪಡೆದರೆ ವ್ಯಾಪಾರವು ಸಣ್ಣದೆಂದು ಊರಿಗೆ ತಿಳಿಯುವುದು. ಪಡೆಯದಿದ್ದರೆ ದೊಡ್ಡದೆಂದು ತೆರಿಗೆಯವರಿಗೆ ತಿಳಿಯುವುದು. ಯಾವುದನ್ನು ಆರಿಸಬೇಕೆಂಬ ನಿರ್ಣಯವನ್ನು ಅವರು ಎಂದಿನಂತೆ ನಾಳೆಗೆ ಇಟ್ಟಿದ್ದಾರೆ.

ಇಷ್ಟೆಲ್ಲ ಸತಾಯಿಸುವ ಇವರನ್ನು ಬಿಟ್ಟು ಜನರು ಬೆಳಗಾವಿಯ, ಹುಬ್ಬಳ್ಳಿಯ ಹವಾನಿಯಂತ್ರಿತ ಮಳಿಗೆಗಳಿಗೆ ಏಕೆ ಹೋಗುವುದಿಲ್ಲವೆಂದು ನೀವು ಕೇಳಬಹುದು. ಹೋಗುತ್ತಾರೆ, ಹೋಗಿ ಮರಳಿಯೂ ಬರುತ್ತಾರೆ. ನಮ್ಮ ಸೀಮೆಯ ಬಂಗಾರವು ಮೈಮೇಲೆ ಮಾತ್ರ ಇರುವುದಲ್ಲ. ಮಿರಗದ ಮಳೆ ಬಿದ್ದು ಬೀಜಗೊಬ್ಬರದ ಚಿಂತೆ ಹತ್ತಿದಾಗ ಅದು ಸೆರಗಿನ ಮರೆಯಲ್ಲಿ ಗಿರವಿಗೆ ಹೊರಡುತ್ತದೆ. ಹತ್ತಿ ಮಾರಾಟವಾಗಿ, ಬಿಳಿಜೋಳ ರಾಶಿಯಾದಾಗ, ದೇವರು ದಯ ಮಾಡಿದ್ದರೆ, ಮನೆಗೆ ಹಿಂದಿರುಗುತ್ತದೆ. ಯಾರ ಪಾಟಲಿಯು ಎಲ್ಲಿದೆ, ಯಾರ ಗುಂಡಿನ ಸರವು ಎಷ್ಟನೆಯ ವರುಷ ಮನೆಯನ್ನು ಕಂಡಿಲ್ಲ ಎಂಬುದೆಲ್ಲ ಕಾಕಾ ಅವರಿಗೆ ಗೊತ್ತು. ಅವರ ಬಾಯಿಗೆ ಮಾತ್ರ ಗೊತ್ತಿಲ್ಲ.

ಬೈಲಹೊಂಗಲದ ಒಂದು ಮದುವೆಯ ಹಂದರದಲ್ಲಿ ನಾನು ಅವರ ಪಕ್ಕದಲ್ಲಿಯೇ ಕುಳಿತಿದ್ದೆನು. ಹುಡುಗಿಯ ತಾಯಿಯು ನಾಲ್ಕೆಳೆಯ ಸರವನ್ನು ಧರಿಸಿ ಆರತಿ ತಟ್ಟೆ ಹಿಡಿದು ಓಡಾಡುತ್ತಿದ್ದಳು. ಗಂಡಿನ ಕಡೆಯ ಸೋದರತ್ತೆಯೊಬ್ಬಳು, ಅನುಮಾನವೇ ಮೈವೆತ್ತು ಬಂದವಳು, ಕಾಕಾ ಅವರ ಕಡೆಗೆ ಬಾಗಿ, “ಕಾಕಾ, ಆ ಸರಾ ಖರೇನೋ ಬೆಂಟೆಕ್ಸೋ? ನಿಮಗ ಗೊತ್ತಾಗೇ ಆಗತೈತಿ” ಎಂದಳು. ಮಸೂರವೂ ಒರೆಗಲ್ಲೂ ಇಲ್ಲದೆ, ಹತ್ತು ಮಾರು ದೂರದಿಂದ, ಅದು ಬೆಂಟೆಕ್ಸ್ ಎಂಬುದು ಕಾಕಾ ಅವರಿಗೆ ತಿಳಿದಿದ್ದಿತು. ನಿಜವಾದ ಸರವು ಆ ಕ್ಷಣದಲ್ಲಿ ಅವರ ತಿಜೋರಿಯಲ್ಲಿಯೇ ಇದ್ದಿತು. ಕಾಕಾ ಕನ್ನಡಕವನ್ನು ಮೇಲಕ್ಕೇರಿಸಿ, ಬಹಳ ಹೊತ್ತು ನೋಡಿ, “ಏನ ಕೇಳತೀಯವ್ವಾ, ನಾನ ಕೈಯಾರೆ ಮಾಡಿದ್ದು. ಐದ ತೊಲಿಗೆ ಒಂದ ಗುಂಜಿ ಕಡಿಮಿ ಇಲ್ಲ” ಎಂದರು. ಒಂದು ಗುಂಜಿಯ ಸುಳ್ಳನ್ನೂ ಹೇಳದವರು ಅಂದು ಐದು ತೊಲೆಯ ಸುಳ್ಳನ್ನು ಹೇಳಿ, ಎರಡನೆಯ ಸಲ ಬುಂದೆ ಬಡಿಸಿಕೊಂಡರು.

ಹನ್ನೆರಡನೆಯ ಶತಮಾನದ ಕಿನ್ನರಿ ಬ್ರಹ್ಮಯ್ಯನೂ ಅಕ್ಕಸಾಲೆಯೇ; ಬಂಗಾರದ ಬಗ್ಗೆ ಬಂದ ಸಂಶಯದ ಮಾತಿಗೆ ನೊಂದು, ಕಸುಬನ್ನು ತೊರೆದು, ಕಲ್ಯಾಣದಲ್ಲಿ ಕಿನ್ನರಿ ನುಡಿಸಿ ಬಾಳಿದನೆಂದು ಕಥೆ. ಇದನ್ನು ನೆನಪಿಸಿದರೆ ಕಾಕಾ, “ಅವರಿಗೆ ಬಾರಸಾಕ ಬರತಿತ್ತು, ಬಿಟ್ಟರು, ನನಗ ಬರೂದಿಲ್ಲ, ಕುಂತೀನಿ” ಎನ್ನುವರು.

ಆದರೆ ಅಕ್ಕಸಾಲಿಗನು ಅಕ್ಕನ ಬಂಗಾರವನ್ನೂ ಬಿಡನೆಂಬ ಗಾದೆಯು ಮಾತ್ರ ಅವರ ಬೆನ್ನು ಬಿಟ್ಟಿಲ್ಲ. ಕಾಕಾ ಅವರಿಗೆ ನಿಜವಾಗಿಯೂ ಒಬ್ಬ ಅಕ್ಕನಿದ್ದಾಳೆ; ಪಂಚಮಿಗೆ ತವರಿಗೆ ಬಂದಾಗಲೆಲ್ಲ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಾಳೆ. ಗಾದೆಯು ನಿಜವೇ ಎಂದು ಒಬ್ಬ ಗಿರಾಕಿಯು ಅವಳನ್ನೇ ಕೇಳಿಬಿಟ್ಟನು. “ಥೂ, ಎಲ್ಲಾ ಸುಳ್ಳು,” ಎಂದಳು ಆಕೆ. “ಮುಗುತಿ ಮಾಡಾಕ ಅಂತ ಕೊಟ್ಟ ನನ್ನ ಬಂಗಾರ ಮೂರ ವರಸಾತು, ಕಾಗದದಾಗ ಹಂಗ ಐತಿ. ಕಳುವು ಮಾಡಬೇಕಂದ್ರೂ ಕೆಲಸಕ್ಕ ಕುಂದರಬೇಕಲ್ಲೋ, ಯಪ್ಪಾ!”