ಸುವರ್ಣಭೂಮಿಯಿಂದ ಸುಖುಮ್ವಿತ್‌ವರೆಗೆ: ಬಳಕೆದಾರರ ಕೈಪಿಡಿ

ಮಾದರಿ: ಕನ್ನಡ ಕುಟುಂಬ, ನಾಲ್ಕು ಜನರದ್ದು.
ತಯಾರಾದ ಸ್ಥಳ: ಬೆಂಗಳೂರು.
ಬಳಸುವ ಸ್ಥಳ: ಬ್ಯಾಂಕಾಕ್. ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ಸುಖುಮ್ವಿತ್ ರಸ್ತೆಯ ಹೋಟೆಲಿನ ಬಾಗಿಲಿನವರೆಗೆ ಮಾತ್ರ.

ಬಳಸುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿ. ವಿಮಾನದಲ್ಲಿ ಓದಿಕೊಂಡರಾಯಿತು ಎಂದು ಮುಂದೂಡಬೇಡಿ. ಹಾರಾಟ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ, ಅದರಲ್ಲಿ ಊಟದ ಟ್ರೇ ತೆಗೆಯುವ ಹೊತ್ತಿಗೆ ಅರ್ಧ ಕಳೆದಿರುತ್ತದೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿರುವುದರಿಂದ, ನಿದ್ದೆಯಲ್ಲಿ ಉಳಿದದ್ದನ್ನು ಅದು ನುಂಗಿಬಿಡುತ್ತದೆ.

ಪೆಟ್ಟಿಗೆಯಲ್ಲಿ ಏನೇನಿದೆ

ಅಪ್ಪ, ಒಂದು. ಪಾಸ್‌ಪೋರ್ಟ್ ಫೈಲನ್ನು ಎದೆಗವಚಿಕೊಂಡಿರುವ ಭಾಗ. ಇದರೊಳಗೆ ‘ಮೋಸ ಹೋಗಬಾರದು’ ಎಂಬ ಸ್ಪ್ರಿಂಗ್ ಒಂದನ್ನು ಬಿಗಿಯಾಗಿ ಸುತ್ತಿಡಲಾಗಿದೆ. ಬೆಂಗಳೂರಿನ ಆಟೋ ಸ್ಟ್ಯಾಂಡುಗಳಲ್ಲಿ ದಶಕಗಟ್ಟಲೆ ಬಳಸಿದ್ದರಿಂದ ಮುಟ್ಟಿದರೆ ಚಿಮ್ಮುತ್ತದೆ. ಈ ಕೈಪಿಡಿಯ ಮುಕ್ಕಾಲು ಪಾಲು ಈ ಸ್ಪ್ರಿಂಗಿಗೇ ಮೀಸಲು.

ಅಮ್ಮ, ಒಂದು. ಚಟ್ನಿಪುಡಿ, ಅವಲಕ್ಕಿ, ಕೋಡುಬಳೆಗಳ ಉಗ್ರಾಣ. ಮಾತನಾಡುತ್ತಿರುವಷ್ಟು ಹೊತ್ತೂ ಸುರಕ್ಷಿತ. ಮಾತು ನಿಂತರೆ ಕೂಡಲೇ ‘ದೋಷ ಮತ್ತು ಪರಿಹಾರ’ ವಿಭಾಗ ನೋಡಿ.

ಮಗಳು, ಒಂದು. ದಾರಿ ಗೊತ್ತಿರುವ ಏಕೈಕ ಭಾಗ. ಬಹುತೇಕ ಕುಟುಂಬಗಳಲ್ಲಿ ಬಳಸದೇ ಉಳಿಯುತ್ತದೆ.

ಅಜ್ಜಿ, ಒಂದು. ಚಾರ್ಜ್ ಮಾಡಬೇಕಿಲ್ಲ.

ಸೂಟ್‌ಕೇಸು, ನಾಲ್ಕು. ಬೇಡವೆಂದರೂ ಬಂದಿರುವ ಐದನೆಯ ಕೈಚೀಲ, ಒಂದು.

ಹೊರಡುವ ಮುನ್ನ

ಟಿಕೆಟ್ಟಿನಲ್ಲಿರುವ ಮೂರಕ್ಷರ ನೋಡಿ. ಬಿಕೆಕೆ ಎಂದಿದ್ದರೆ ಸುವರ್ಣಭೂಮಿ. ಡಿಎಂಕೆ ಎಂದಿದ್ದರೆ ತಮಿಳುನಾಡಿನ ಪಕ್ಷವಲ್ಲ, ಡಾನ್ ಮುಯಾಂಗ್. ಅದು 1914ರಿಂದ ಇರುವ ಹಳೆಯ ನಿಲ್ದಾಣ; ಅದರ ಎರಡು ರನ್‌ವೇಗಳ ನಡುವೆ ಗಾಲ್ಫ್ ಮೈದಾನವೂ ಇದೆ. ಕಡಿಮೆ ದರದ ಹಲವು ವಿಮಾನಗಳು ಅಲ್ಲಿಗೆ ಹೋಗುತ್ತವೆ. ಅದು ಊರಿನ ಉತ್ತರಕ್ಕೆ, ಸುವರ್ಣಭೂಮಿ ಪೂರ್ವಕ್ಕೆ. ಈ ಕೈಪಿಡಿ ಸುವರ್ಣಭೂಮಿಗೆ ಮಾತ್ರ ಅನ್ವಯ.

ಥಾಯ್ ಸರ್ಕಾರದ ಡಿಜಿಟಲ್ ಆಗಮನ ಕಾರ್ಡನ್ನು ಮೊದಲೇ ತುಂಬಿ. 2025ರ ಮೇ 1ರಿಂದ ಇದು ಕಡ್ಡಾಯ, ಇಳಿಯುವ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಶುಲ್ಕವಿಲ್ಲ, ಶುಲ್ಕ ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ಎಚ್ಚರಿಕೆ: ಐವತ್ತು ರೂಪಾಯಿಗೆ ಆಟೋದವನೊಡನೆ ಜಗಳವಾಡುವ ಸ್ಪ್ರಿಂಗ್ ಇಂಥ ವೆಬ್‌ಸೈಟಿನ ಮುಂದೆ ಮಾತ್ರ ಸದ್ದಿಲ್ಲದೆ ಕಾರ್ಡ್ ನಂಬರ್ ಕೊಟ್ಟುಬಿಡುತ್ತದೆ. ಎದುರಿಗೆ ಮನುಷ್ಯ ಇಲ್ಲದಿದ್ದರೆ ಅದಕ್ಕೆ ಅನುಮಾನವೇ ಹುಟ್ಟುವುದಿಲ್ಲ. ಇದು ತಯಾರಿಕೆಯ ದೋಷ, ದುರಸ್ತಿ ಸಾಧ್ಯವಿಲ್ಲ.

ಹೋಟೆಲಿನ ವಿಳಾಸವನ್ನು ಥಾಯ್ ಲಿಪಿಯಲ್ಲಿ, ದೂರವಾಣಿ ಸಂಖ್ಯೆ ಸಮೇತ, ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಫೋನಿನಲ್ಲಿದೆ ಎನ್ನಬೇಡಿ. ಫೋನು ಅಮ್ಮನ ಫೋಟೋ ತೆಗೆದು ತೆಗೆದು ಇಳಿಯುವ ಹೊತ್ತಿಗೆ ಶೇಕಡಾ ನಾಲ್ಕಕ್ಕೆ ಬಂದಿರುತ್ತದೆ.

ಹಂತ 1: ಇಳಿಯುವುದು

ನೀವು ಕಾಲಿಟ್ಟಿರುವುದು ಹಿಂದೆ ನಾಗರಹಾವುಗಳ ಜೌಗು ಎಂದೇ ಹೆಸರಾಗಿದ್ದ ನೆಲ. ಅದನ್ನು ಬತ್ತಿಸಿ ಗಟ್ಟಿಮಾಡಿ ಕಟ್ಟಿದ ನಿಲ್ದಾಣ 2006ರ ಸೆಪ್ಟೆಂಬರ್‌ನಲ್ಲಿ ತೆರೆಯಿತು. ಅಜ್ಜಿಗೆ ಇದನ್ನು ಹೇಳುವ ಅಗತ್ಯವಿಲ್ಲ.

ನಿಮ್ಮ ವಿಮಾನ ಉಪಗ್ರಹ ಟರ್ಮಿನಲ್ಲಿಗೆ ಬಂದಿದ್ದರೆ ಮುಖ್ಯ ಕಟ್ಟಡಕ್ಕೆ ನೆಲದಡಿಯ ಪುಟ್ಟ ರೈಲು ಕರೆದೊಯ್ಯುತ್ತದೆ. ಅದಕ್ಕೆ ಚಾಲಕನಿಲ್ಲ. ಅಪ್ಪ ‘ಇದು ಅಲ್ಲಿಗೇ ಹೋಗುತ್ತಾ’ ಎಂದು ಕೇಳಲು ಮುಂದಿನ ಬೋಗಿಗೆ ಹೋಗಿ ಬರುವಷ್ಟರಲ್ಲಿ ತಲುಪಿರುತ್ತದೆ.

ದೇವತೆಗಳೂ ಅಸುರರೂ ವಾಸುಕಿಯನ್ನು ಎಳೆಯುತ್ತಿರುವ ದೊಡ್ಡ ಸಮುದ್ರಮಥನದ ಶಿಲ್ಪ ಎಲ್ಲಿ ಎಂದು ಅಮ್ಮ ಹುಡುಕುತ್ತಾರೆ. ಅದು ನಿರ್ಗಮನದ ಕಡೆ, ಪಾಸ್‌ಪೋರ್ಟ್ ತಪಾಸಣೆ ದಾಟಿದ ಮೇಲೆ ಇದೆ. ಬಂದವರಿಗೆ ಕಾಣುವುದಿಲ್ಲ, ಹೊರಟವರಿಗಷ್ಟೇ. ಅಮ್ಮನ ಬಳಿ ‘ವಾಪಸ್ ಹೋಗುವಾಗ ತೋರಿಸ್ತೀನಿ’ ಎಂದು ಭಾಷೆ ಕೊಡಿ. ಮಥನವನ್ನು ಸದ್ಯಕ್ಕೆ ಸೂಟ್‌ಕೇಸುಗಳು ಸುತ್ತುವ ಪಟ್ಟಿಯ ಬಳಿ ನಡೆಸಿಕೊಳ್ಳಬಹುದು.

ಹಂತ 2: ಹಣ

ಆಗಮನದ ಸಭಾಂಗಣ ಎರಡನೆಯ ಮಹಡಿಯಲ್ಲಿದೆ. ಹೊರಬರುತ್ತಿದ್ದಂತೆ ಹಣ ಬದಲಿಸುವ ಬ್ಯಾಂಕ್ ಕೌಂಟರುಗಳು ಸಾಲಾಗಿ ಕೈಬೀಸುತ್ತವೆ. ನಮಸ್ಕರಿಸಿ ಮುಂದೆ ಹೋಗಿ. ಕೆಳಗೆ, ರೈಲು ಹೊರಡುವ ನೆಲಮಾಳಿಗೆಯಲ್ಲಿರುವ ಪುಟ್ಟ ಗೂಡುಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಬಾತ್ ಸಿಗುತ್ತದೆ.

ಸ್ಪ್ರಿಂಗ್ ಚಿಮ್ಮಬೇಕಾದ ಸರಿಯಾದ ಜಾಗ ಇದೊಂದೇ. ಆದರೆ ಇಲ್ಲಿ ಅದು ಸುಮ್ಮನಿರುತ್ತದೆ. ಕೋಟು ಹಾಕಿದ ಬ್ಯಾಂಕಿನವರು ಮೋಸ ಮಾಡುತ್ತಾರೆಯೇ, ಮಾಡುವುದೇನಿದ್ದರೂ ಬನಿಯನ್ ಹಾಕಿದ ಟ್ಯಾಕ್ಸಿಯವರು ಎಂಬುದು ಅದರ ಸೆಟ್ಟಿಂಗ್.

ಹಂತ 3 (ಅ): ರೈಲು

ನೆಲಮಾಳಿಗೆಯಿಂದ ಏರ್‌ಪೋರ್ಟ್ ರೈಲ್ ಲಿಂಕ್ ಹೊರಡುತ್ತದೆ. 2010ರಿಂದ ಓಡುತ್ತಿದೆ. ಎಂಟು ನಿಲ್ದಾಣ, ಕೊನೆಯ ಫಯಾ ಥಾಯ್‌ವರೆಗೆ ಸುಮಾರು ಅರ್ಧ ಗಂಟೆ, ಟಿಕೆಟ್ 45 ಬಾತ್. ಫಯಾ ಥಾಯ್‌ನಲ್ಲಿ ಆಕಾಶರೈಲು ಹಿಡಿದರೆ ನೇರ ಸುಖುಮ್ವಿತ್ ರಸ್ತೆಯ ಮೇಲೆ ಸಾಗಬಹುದು. ಇಲ್ಲವೇ ಮಕ್ಕಸನ್‌ನಲ್ಲಿ ಇಳಿದು ಸುರಂಗರೈಲಿಗೆ ಬದಲಾಯಿಸಿದರೆ ಒಂದೇ ನಿಲ್ದಾಣ ದೂರದಲ್ಲಿ ಸುಖುಮ್ವಿತ್.

ನಗರದಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೋಗಲು ಎಷ್ಟು ಗಂಟೆ ಮುಂಚೆ ಮನೆ ಬಿಡಬೇಕೆಂದು ಪಂಚಾಂಗ ತೆಗೆಯುವ ಬೆಂಗಳೂರಿಗರಿಗೆ ಈ ಅರ್ಧ ಗಂಟೆಯ ಮಾತು ಅನುಮಾನ ಹುಟ್ಟಿಸುತ್ತದೆ. ಸಹಜ. ಅನುಮಾನಿಸುತ್ತಲೇ ಹತ್ತಿ.

ಎಚ್ಚರಿಕೆ ಒಂದು: ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಇದು ಪ್ರವಾಸಿಗರ ರೈಲಲ್ಲ, ಕಚೇರಿಗೆ ಹೋಗುವವರ ರೈಲು. ನಾಲ್ಕು ಸೂಟ್‌ಕೇಸು ಮತ್ತು ಅಜ್ಜಿಯೊಂದಿಗೆ ಆ ಹೊತ್ತಿನಲ್ಲಿ ಒಳನುಗ್ಗುವುದು ಅವರ ಒಂದು ದಿನದ ಸಂಬಳಕ್ಕೆ ಕೈಹಾಕಿದಂತೆ.

ಎಚ್ಚರಿಕೆ ಎರಡು: ಆಕಾಶರೈಲಿನ ನಿಲ್ದಾಣದಲ್ಲಿ ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಸುತ್ತಲಿನವರೆಲ್ಲ ಇದ್ದಕ್ಕಿದ್ದಂತೆ ನಿಂತುಬಿಟ್ಟರೆ ಗಾಬರಿ ಬೇಡ. ಅದು ರಾಷ್ಟ್ರಗೀತೆಯ ಸಮಯ. ಸಂಜೆ ಆರಕ್ಕೂ ಹೀಗೆಯೇ. ನೀವೂ ನಿಲ್ಲಿ. ‘ಜಾಗ ಖಾಲಿಯಾಯ್ತು, ಬೇಗ ಬನ್ನಿ’ ಎಂದು ಸೂಟ್‌ಕೇಸು ಎಳೆದುಕೊಂಡು ಓಡಬೇಡಿ.

ಹಂತ 3 (ಆ): ಟ್ಯಾಕ್ಸಿ

ನಾಲ್ಕು ಜನರ ಮಾದರಿಗೆ ಇದೇ ಯೋಗ್ಯ. ಒಂದನೆಯ ಮಹಡಿಗೆ ಇಳಿದು ಹೊರಗೆ ಬನ್ನಿ. ಸಭಾಂಗಣದೊಳಗೇ ‘ಟ್ಯಾಕ್ಸಿ, ಟ್ಯಾಕ್ಸಿ’ ಎಂದು ಹಿಂದೆ ಬೀಳುವವರ ಕಡೆ ನೋಡಬೇಡಿ. ಹೊರಗಿನ ಯಂತ್ರ ಒಂದು ಚೀಟಿ ಕೊಡುತ್ತದೆ. ಅದರಲ್ಲಿ ಒಂದು ಸಂಖ್ಯೆ. ಅದೇ ಸಂಖ್ಯೆಯ ಪಟ್ಟೆಯಲ್ಲಿ ನಿಂತಿರುವುದೇ ನಿಮ್ಮ ಕಾರು. ಅದು ಗುಲಾಬಿಯಿರಲಿ, ಹಸಿರು-ಹಳದಿಯಿರಲಿ, ಆಯ್ಕೆ ನಿಮ್ಮದಲ್ಲ.

ಆಯ್ಕೆ ಇಲ್ಲ ಎಂಬಲ್ಲಿ ಸ್ಪ್ರಿಂಗ್ ಕಿರುಗುಟ್ಟುತ್ತದೆ. ‘ಇನ್ನೊಬ್ಬನನ್ನ ಕೇಳೋಣ, ಕಮ್ಮಿಗೆ ಬರಬಹುದು’ ಎಂಬ ಸದ್ದು ಕೇಳಿಬಂದರೆ ಮಗಳು ಅಪ್ಪನ ತೋಳು ಹಿಡಿದು ಮೃದುವಾಗಿ ಕಾರಿನೊಳಗೆ ತಳ್ಳತಕ್ಕದ್ದು. ಕೇಳಲು ಇನ್ನೊಬ್ಬನಿಲ್ಲ. ಹೊಸಬರು ಚೌಕಾಸಿ ಮಾಡದೆಯೂ ಊರು ಸೇರಲಿ ಎಂದೇ ಈ ಚೀಟಿಯ ಏರ್ಪಾಟು ಮಾಡಿದ್ದಾರೆ. ಅದರ ಮುಂದೆ ನಿಂತು ಚೌಕಾಸಿಗೆ ಇಳಿದರೆ ನಷ್ಟ ನಮ್ಮದೇ: ಮೀಟರ್ ಬಿಟ್ಟು ಒಪ್ಪಂದದ ದರಕ್ಕೆ ಬಾ ಎಂದು ಚಾಲಕನಿಗೆ ನಾವೇ ದಾರಿ ತೋರಿಸಿದಂತೆ.

ಹೇಳಬೇಕಾದ ಮಾತು ಒಂದೇ: ‘ಮೀಟರ್’. ನಗುತ್ತಾ ಹೇಳಿ. ಅದು 35 ಬಾತ್‌ನಿಂದ ಶುರುವಾಗುತ್ತದೆ, ದೊಡ್ಡ ಕಾರಿಗೆ 40. ಕೊನೆಯಲ್ಲಿ ಅದರ ಮೇಲೆ 50 ಬಾತ್ ವಿಮಾನ ನಿಲ್ದಾಣದ ಶುಲ್ಕ, ಜೊತೆಗೆ ಟೋಲ್. ಈ ಐವತ್ತು ಅಧಿಕೃತ. ಸುಖುಮ್ವಿತ್‌ನ ನಡುರಸ್ತೆಯಲ್ಲಿ ಕಾರು ನಿಲ್ಲಿಸಿ ಇದಕ್ಕಾಗಿ ಜಗಳವಾಡಿದ ಮಾದರಿಗಳಿಗೆ ವಾರಂಟಿ ಅನ್ವಯಿಸುವುದಿಲ್ಲ.

ಚೀಟಿಯನ್ನು ಕಾಪಾಡಿಕೊಳ್ಳಿ, ಚಾಲಕನ ವಿವರ ಅದರಲ್ಲಿದೆ. ನಿಜವಾಗಿಯೂ ತಕರಾರಿದ್ದರೆ ಸಾರಿಗೆ ಇಲಾಖೆಯ ಸಂಖ್ಯೆ 1584. ಕೈಗೆ ಬರುವ ಯಾವುದೇ ರಸೀದಿಯಲ್ಲಿ ಇಸವಿ ಇನ್ನೂ ಐನೂರು ವರ್ಷ ಮುಂದಿನದಾಗಿ ಕಂಡರೆ ಅದು ಮೋಸವಲ್ಲ. ನಮ್ಮ ಇಸವಿಗೆ 543 ಕೂಡಿಸಿದರೆ ಅವರ ಬುದ್ಧವರ್ಷ.

ಸಾಮಾನು: ಅನೇಕ ಟ್ಯಾಕ್ಸಿಗಳ ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್ ಮೊದಲೇ ಮಲಗಿರುತ್ತದೆ. ನಾಲ್ಕು ಸೂಟ್‌ಕೇಸು ಇದ್ದರೆ ದೊಡ್ಡ ಕಾರಿನ ಚೀಟಿಯನ್ನೇ ತೆಗೆದುಕೊಳ್ಳಿ. ಇಲ್ಲವಾದರೆ ಐದನೆಯ ಕೈಚೀಲವನ್ನು ಮಡಿಲಲ್ಲಿ ಹೊತ್ತವರು ಊರು ನೋಡುವ ಆಸೆ ಬಿಡಬೇಕು.

ಹೊರಟ ಸ್ವಲ್ಪ ಹೊತ್ತಿಗೆ ಚಾಲಕ ತಿರುಗಿ ‘ಟೋಲ್‌ವೇ?’ ಎನ್ನುತ್ತಾನೆ. ಉತ್ತರ: ಹೂಂ. ನೂರು ಬಾತ್‌ನೊಳಗೆ ಮುಗಿಯುವ ಖರ್ಚಿದು. ಬೇಡವೆಂದರೆ ಕೆಳಗಿನ ರಸ್ತೆ. ಬ್ಯಾಂಕಾಕಿನ ಸಿಗ್ನಲ್ಲುಗಳನ್ನು ಎಷ್ಟೋ ಕಡೆ ಮೂಲೆಯ ಗೂಡಿನೊಳಗೆ ಕೂತ ಪೊಲೀಸರು ಕೈಯಾರೆ ಬದಲಿಸುತ್ತಾರೆ. ಸಿಲ್ಕ್ ಬೋರ್ಡ್ ಕಂಡವರು ನಾವು ಎಂಬ ಹೆಮ್ಮೆ ಅಸೋಕ್ ವೃತ್ತದ ಕೆಂಪು ದೀಪದ ಮುಂದೆ ನಿಧಾನವಾಗಿ ಕರಗುತ್ತದೆ.

ಚಾಲಕನ ಮುಂದೆ ಹೂಮಾಲೆ, ತಾಯಿತಗಳು, ತಲೆಯ ಮೇಲೆ ಒಳಚಾವಣಿಯಲ್ಲಿ ಭಿಕ್ಷುಗಳು ಬರೆದುಕೊಟ್ಟ ಬಿಳಿಯ ಯಂತ್ರ ಕಾಣಬಹುದು. ಇಷ್ಟು ರಕ್ಷಣೆ ಇದ್ದ ಮೇಲೆ ಹಿಂದಿನ ಸೀಟಿನಲ್ಲಿ ಗೂಗಲ್ ಮ್ಯಾಪ್ ತೆರೆದು ಪ್ರತಿ ತಿರುವಿನಲ್ಲೂ ‘ಇವನು ಸುತ್ತು ಹಾಕ್ತಿದಾನೆ’ ಎಂದು ಕನ್ನಡದಲ್ಲಿ ಪಿಸುಗುಟ್ಟುವ ಅಗತ್ಯವಿಲ್ಲ. ಅವನಿಗೆ ಕನ್ನಡ ಬರದಿರಬಹುದು, ಧಾಟಿ ಅರ್ಥವಾಗುತ್ತದೆ.

ಹಂತ 4: ಸೋಯಿ

ಸುಖುಮ್ವಿತ್ ಹೆದ್ದಾರಿಯಿಂದ ಎರಡೂ ಬದಿಗೆ ಸಿಡಿಯುವ ಅಡ್ಡರಸ್ತೆಗಳಿಗೆ ಸೋಯಿ ಎನ್ನುತ್ತಾರೆ. ಬೆಸ ಸಂಖ್ಯೆಯವು ಉತ್ತರಕ್ಕೆ, ಸಮಸಂಖ್ಯೆಯವು ದಕ್ಷಿಣಕ್ಕೆ. ಹಾಗಾದರೆ 55ರ ಎದುರು 54 ಇರಬೇಕಲ್ಲವೇ? ಇಲ್ಲ, 38 ಇದೆ. ಒಂದು ಬದಿಯಲ್ಲಿ ಸೋಯಿಗಳು ಒತ್ತೊತ್ತಾಗಿ, ಇನ್ನೊಂದು ಬದಿಯಲ್ಲಿ ವಿರಳವಾಗಿ ಹುಟ್ಟಿಕೊಂಡಿದ್ದರಿಂದ ಎರಡು ಎಣಿಕೆಗಳೂ ಒಂದನ್ನೊಂದು ಬಿಟ್ಟು ಓಡಿವೆ.

ಇದನ್ನು ಕಂಡು ನಗುವ ಹಕ್ಕು ಜಯನಗರದವರಿಗಿಲ್ಲ. ನಾಲ್ಕನೆಯ ಬ್ಲಾಕಿಗೂ ನಾಲ್ಕನೆಯ ಟಿ ಬ್ಲಾಕಿಗೂ ಇರುವ ಸಂಬಂಧವನ್ನು ಒಬ್ಬ ಥಾಯ್ ಪ್ರವಾಸಿಗೆ ವಿವರಿಸಿ ಗೆದ್ದವರು ಮಾತ್ರ ನಗಬಹುದು.

ಒಂದೇ ಹೆಸರಿನ ಹೋಟೆಲಿಗೆ ಇದೇ ರಸ್ತೆಯಲ್ಲಿ ಬೇರೆ ಬೇರೆ ಸೋಯಿಗಳಲ್ಲಿ ಶಾಖೆಗಳಿರುತ್ತವೆ. ಹೆಸರು ಹೇಳಿ ಸುಮ್ಮನಾಗದೆ ಸೋಯಿಯ ಸಂಖ್ಯೆ ಹೇಳಿ. ಚಾಲಕನಿಗೆ ಗೊಂದಲವಾದರೆ ಮುದ್ರಿಸಿದ ಕಾಗದ ಕೊಡಿ. ಅವನು ಹೋಟೆಲಿಗೇ ಫೋನ್ ಮಾಡುತ್ತಾನೆ. ಥಾಯ್‌ನಲ್ಲಿ ಎರಡು ನಿಮಿಷ ನಗುನಗುತ್ತಾ ಮಾತನಾಡುತ್ತಾನೆ. ಆ ನಗು ನಿಮ್ಮನ್ನು ಕುರಿತದ್ದೇ ಎಂದು ಸ್ಪ್ರಿಂಗ್ ಹೇಳುತ್ತದೆ. ಇದ್ದರೂ ಇರಬಹುದು, ಕಾರು ಮಾತ್ರ ಸರಿಯಾದ ಸೋಯಿಗೆ ತಿರುಗುತ್ತದೆ.

ಹಂತ 5: ಹೋಟೆಲು

ಬಾಗಿಲ ಬಳಿ ಕಂಬದ ಮೇಲೊಂದು ಪುಟ್ಟ ಗುಡಿ, ಅದರ ಮುಂದೆ ಸ್ಟ್ರಾ ಹಾಕಿದ ಕೆಂಪು ಫ್ಯಾಂಟಾ ಬಾಟಲಿ ಕಂಡರೆ ಅದು ಸ್ಥಳದೇವತೆಯ ನೈವೇದ್ಯ. ಅಜ್ಜಿ ಯಾರನ್ನೂ ಕೇಳದೆ ಕೈಮುಗಿಯುತ್ತಾರೆ. ಇಡೀ ಪ್ರಯಾಣದಲ್ಲಿ ಸೂಚನೆಯಿಲ್ಲದೆ ಸರಿಯಾಗಿ ಕೆಲಸ ಮಾಡುವ ಭಾಗ ಇದೊಂದೇ.

ಸ್ವಾಗತ ಮೇಜಿನವರು ಪಾಸ್‌ಪೋರ್ಟ್ ನಕಲು ಮಾಡಿಕೊಳ್ಳುತ್ತಾರೆ. ಅಪ್ಪ ಫೈಲನ್ನು ಬಿಡಲೊಲ್ಲರು. ವಿದೇಶಿಯರು ಬಂದ 24 ಗಂಟೆಯೊಳಗೆ ಹೋಟೆಲಿನವರು ವಲಸೆ ಇಲಾಖೆಗೆ ತಿಳಿಸಬೇಕೆಂಬುದು 1979ರ ಕಾಯಿದೆ. ಬಿಡಿಸಿ ಕೊಡಿ. ಪಕ್ಕದಲ್ಲೇ ಹಲಸಿನ ದಾಯಾದಿಯಂತಿರುವ ಮುಳ್ಳುಹಣ್ಣಿನ ಮೇಲೆ ಕೆಂಪು ಗೀಟೆಳೆದ ಚಿತ್ರವಿರಬಹುದು. ಅದು ಡೂರಿಯನ್, ಅದರ ವಾಸನೆ ಕೋಣೆ ಬಿಟ್ಟು ಹೋಗದ್ದರಿಂದ ದಂಡ ಹಾಕುತ್ತಾರೆ. ಚಟ್ನಿಪುಡಿಯ ಬಗ್ಗೆ ಚಿತ್ರವಿಲ್ಲ. ಅಮ್ಮನ ಮುಖ ಅರಳುತ್ತದೆ.

ಆಮೇಲೆ ಮುಖ್ಯ ವಿಷಯ. ಈಗ ಬೆಳಿಗ್ಗೆ ಎಂಟು. ಕೋಣೆ ಸಿಗುವುದು ಮಧ್ಯಾಹ್ನ ಎರಡಕ್ಕೆ. ವಾದಿಸಬೇಡಿ. ಸಾಮಾನು ಅಲ್ಲೇ ಬಿಟ್ಟು, ಮುಖ ತೊಳೆದು, ಆಕಾಶರೈಲಿನಲ್ಲಿ ಚಿತ್ ಲೋಮ್‌ಗೆ ಹೋಗಿ. ಪಕ್ಕದಲ್ಲೇ ಎರವಾನ್ ಹೋಟೆಲಿನ ಮೂಲೆಯಲ್ಲಿ ಚತುರ್ಮುಖ ಬ್ರಹ್ಮನ ಗುಡಿಯಿದೆ. ಹೋಟೆಲು ಕಟ್ಟುವಾಗ ಅವಘಡಗಳು ಒಂದರ ಮೇಲೊಂದು ಬಂದವೆಂದು ಜ್ಯೋತಿಷಿಯ ಸಲಹೆಯಂತೆ 1956ರಲ್ಲಿ ಸ್ಥಾಪಿಸಿದ್ದು. ನಮ್ಮ ಕಡೆ ಗುಡಿಯೇ ಅಪರೂಪವಾದ ದೇವರಿಗೆ ಅಲ್ಲಿ ದಿನವಿಡೀ ಹೂವು, ಧೂಪ, ನರ್ತಕಿಯರ ಸೇವೆ. ಎರಡು ಗಂಟೆಯವರೆಗೆ ಅಜ್ಜಿಯ ಚಿಂತೆಯಿಲ್ಲ.

ದೋಷ ಮತ್ತು ಪರಿಹಾರ

ಅಮ್ಮ ಮಾತು ನಿಲ್ಲಿಸಿದ್ದಾರೆ: ‘ಟೋಲ್‌ವೇ ಬೇಡ’ ಎಂದವರು ಯಾರೆಂದು ನೆನಪಿಸಿಕೊಳ್ಳಿ. ಅವರು ಕ್ಷಮೆ ಕೇಳತಕ್ಕದ್ದು.

ಅಪ್ಪ ಪ್ರತಿ ಬಾತನ್ನೂ ರೂಪಾಯಿಗೆ ಗುಣಿಸುತ್ತಿದ್ದಾರೆ: ಫೋನಿನ ಕ್ಯಾಲ್ಕುಲೇಟರ್ ಬಚ್ಚಿಡಿ. ಮನಸ್ಸಿನಲ್ಲಿ ಗುಣಿಸತೊಡಗಿದರೆ ಕಾಫಿ ಕೊಡಿಸಿ, ಬೆಲೆ ಹೇಳಬೇಡಿ.

ಮಗಳು ‘ನಾನು ಮೊದಲೇ ಹೇಳಿದ್ದೆ’ ಎನ್ನುತ್ತಿದ್ದಾಳೆ: ಇದು ದೋಷವಲ್ಲ.

ಅಂತಿಮ ಲೆಕ್ಕ

ಕೋಣೆ ಸೇರಿದ ಮೇಲೆ ಕಾಗದದ ಮೇಲೆ ಎರಡು ಸಾಲು ಎಳೆಯಿರಿ. ಮೊದಲನೆಯದರಲ್ಲಿ ಈ ಪ್ರಯಾಣದಲ್ಲಿ ಯಾರಾದರೂ ನಿಮ್ಮಿಂದ ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ಬರೆಯಿರಿ. ಎರಡನೆಯದರಲ್ಲಿ, ಕಿತ್ತುಕೊಂಡಾರೆಂಬ ಭಯಕ್ಕೆ ಖರ್ಚಾದದ್ದನ್ನು: ಟೋಲ್ ಉಳಿಸಿ ಕಳೆದ ಗಂಟೆ, ಮ್ಯಾಪ್ ನೋಡುತ್ತಾ ಕಾಣದೇ ಹೋದ ಊರು, ಅಮ್ಮನ ಮೌನ, ಅಪ್ಪನ ರಕ್ತದೊತ್ತಡ. ಬಹುತೇಕ ಮಾದರಿಗಳಲ್ಲಿ ಮೊದಲ ಸಾಲು ಖಾಲಿ ಉಳಿಯುತ್ತದೆ, ಇಲ್ಲವೇ ಒಂದು ದೋಸೆಯ ಬೆಲೆಯನ್ನು ದಾಟುವುದಿಲ್ಲ. ಎರಡನೆಯ ಸಾಲಿಗೆ ಕಾಗದದ ಹಿಂಬದಿಯೂ ಬೇಕಾಗುತ್ತದೆ. ವಾಪಸ್ ಹೊರಡುವ ದಿನ ಟ್ಯಾಕ್ಸಿಯವನು ಸೂಟ್‌ಕೇಸು ಇಳಿಸಿಕೊಟ್ಟರೆ, ಮೀಟರಿನ ಮೇಲೆ ಇಪ್ಪತ್ತು ಬಾತ್ ಹೆಚ್ಚಿಗೆ ಕೊಡಿ. ಅದನ್ನು ಯಾವ ಸಾಲಿಗೂ ಸೇರಿಸಬೇಡಿ.