ಎಂಜಿನ್ ಇಳಿಸಿದ ಅಳಿಯ

ಕ್ಯಾಲಿಫೋರ್ನಿಯಾದ ಅಳಿಯ 1990ರ ದಶಕದ ಫೆರಾರಿ ಎಫ್355 ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದರು. ಮೈಸೂರಿನಿಂದ ಬಂದ ಮಾವ ಗ್ಯಾರೇಜಿಗೆ ಇಣುಕಿದಾಗ ಎಂಜಿನ್ ಕಾರಿನಿಂದಾಚೆ ಕೂತಿತ್ತು.

“ಕೆಟ್ಟುಹೋಯಿತೇ ಅಳಿಯಂದ್ರೇ?”

“ಇಲ್ಲ ಮಾವ, ಟೈಮಿಂಗ್ ಬೆಲ್ಟ್ ಬದಲಾಯಿಸೋಕೆ.”

“ಒಂದು ಬೆಲ್ಟಿಗೆ ಇಡೀ ಎಂಜಿನ್ ಇಳಿಸಬೇಕಾ?”

“ಎಂಜಿನ್ ಇರೋದು ಸೀಟಿನ ಹಿಂದೆ, ಬೆಲ್ಟಿಗೆ ಕೈ ಹೋಗಲ್ಲ. ಬೆಲ್ಟ್ ಹರಿದರೆ ಪಿಸ್ಟನ್ನು ವಾಲ್ವಿಗೆ ಬಡಿಯುತ್ತೆ. ಎಂಟು ಸಿಲಿಂಡರು, ತಲಾ ಐದು ವಾಲ್ವ್, ಒಟ್ಟು 40! ಸಾಲದ್ದಕ್ಕೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಡೋದು ಈ ಮಾಡೆಲ್ಲಿನ ಹಳೇ ಕಾಯಿಲೆ.”

“ಅಷ್ಟೊಂದು ಓಡಿಸ್ತೀರಾ?”

“ಭಾನುವಾರ ಒಂದು ಸುತ್ತು. ನಿಲ್ಲಿಸಿದ್ರೂ ಬೆಲ್ಟಿಗೆ ವಯಸ್ಸಾಗುತ್ತಲ್ಲ, ಕೆಲವು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು.”

“ಅಗ್ಗಕ್ಕೆ ಸಿಕ್ತು ಅಂದಿದ್ರಿ?”

“ಕಾರು ಸೆಕೆಂಡ್ ಹ್ಯಾಂಡು ಮಾವ. ಬಿಲ್ಲು ಮಾತ್ರ ಹೊಸ ಫೆರಾರಿದು.”

“ಮತ್ತೆ ಆಫೀಸಿಗೆ?”

“ನಿಮ್ಮ ಮಗಳ ಟೊಯೊಟಾ.”