ಯುದ್ಧಭೂಮಿಯಲ್ಲಿ ಹಮಾಲಿ

ಎರಡನೇ ಮಹಾಯುದ್ಧದಲ್ಲಿ ನನ್ನದು ಪೆಟ್ಟಿಗೆ ಹೊರುವ ಕೆಲಸ. ಎಲ್ಲ ಅಕ್ಕನ ಮಗನ ಕೃಪೆ. 2021ರಲ್ಲಿ ಪೂರ್ಣರೂಪದಲ್ಲಿ ಬಂದ ‘ಹೆಲ್ ಲೆಟ್ ಲೂಸ್’ ಆಟವನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟವನೇ, “ಮಾಮ, ನೀವು ಸಪೋರ್ಟ್ ಪಾತ್ರ ತಗೊಳ್ಳಿ. ಗುರಿ ತಪ್ಪಿದ್ರೂ ಯಾರೂ ಬೈಯಲ್ಲ” ಎಂದ.

ಆ ಕಡೆ 50 ಜನ, ಈ ಕಡೆ 50 ಜನ. ಎಲ್ಲರೂ ಎಲ್ಲೆಲ್ಲೋ ಕೂತ ನಿಜವಾದ ಮನುಷ್ಯರು. ಪಂದ್ಯ ಒಂದೂವರೆ ಗಂಟೆ ಎಳೆದರೂ ನನಗೆ ಶತ್ರುವಿನ ಮುಖದರ್ಶನ ಅಪರೂಪ. ಸಿನಿಮಾದ ಸೈನಿಕನಿಗೆ ಎದೆಗೆ ಗುಂಡು ಬಿದ್ದ ಮೇಲೂ ತಾಯಿಯನ್ನು ನೆನೆದು ಮಾತಾಡುವಷ್ಟು ಪುರುಸೊತ್ತಿರುತ್ತದೆ. ಇಲ್ಲಿ ‘ಟಪ್’ ಅಂದರೆ ಮುಗಿಯಿತು. ನಾವು ಆಡುವ ಫ್ರಾನ್ಸಿನ ನಾರ್ಮಂಡಿಯ ಹೊಲಗಳ ಸುತ್ತ ಮಣ್ಣಿನ ದಿಬ್ಬದ ಮೇಲೆ ಒತ್ತಾಗಿ ಬೆಳೆದ ಬೇಲಿಗಳಿವೆಯಲ್ಲ, 1944ರಲ್ಲಿ ಅಮೆರಿಕದ ಪಡೆಗಳನ್ನು ಕಂಗೆಡಿಸಿದ್ದು ಅವೇ. ಅವು ನನ್ನ ಮೇಲೂ ಕರುಣೆ ತೋರಿಲ್ಲ. ಅಲ್ಲಿನ ಸೇಂತ್ ಮೇರ್ ಎಗ್ಲೀಸ್ ಊರಿನ ಚರ್ಚಿನ ಗೋಪುರಕ್ಕೆ ಪ್ಯಾರಾಚೂಟ್ ಸಿಕ್ಕಿಕೊಂಡು ನೇತಾಡಿದ ಜಾನ್ ಸ್ಟೀಲ್ ಎಂಬ ಸೈನಿಕ, ಸತ್ತವನಂತೆ ನಟಿಸಿದನಂತೆ. ಅದೇ ಚರ್ಚಿನ ಬಳಿ ನನಗೆ ನಟಿಸುವುದಕ್ಕೂ ಅವಕಾಶ ಸಿಗುವುದಿಲ್ಲ.

ಸತ್ತವನು ಮತ್ತೆ ಹುಟ್ಟುತ್ತಾನೆ. ಎಲ್ಲಿ ಹುಟ್ಟುತ್ತಾನೆ ಎಂಬುದೇ ಈ ಆಟದ ವೇದಾಂತ. ಗ್ಯಾರಿಸನ್ ಎಂಬ ಠಾಣೆ ಹತ್ತಿರದಲ್ಲಿದ್ದರೆ ಪುಣ್ಯ. ಇಲ್ಲವಾದರೆ ತೀರ ಹಿಂದಿನ ಶಿಬಿರದಿಂದ ಹೊಲ ಹಳ್ಳ ದಾಟಿ ಓಡಿ ಬರಬೇಕು. ಅರ್ಧ ದಾರಿಯಲ್ಲಿ ಮತ್ತೆ ‘ಟಪ್’. ಠಾಣೆ ಹೂಡುವ ಅಧಿಕಾರ ಆಫೀಸರನದು, ಅದಕ್ಕೆ ಬೇಕಾದ ಸಾಮಗ್ರಿಯ ಪೆಟ್ಟಿಗೆ ನನ್ನ ಬಳಿ. ಮದುವೆಮನೆಗೆ ಅಡುಗೆ ಭಟ್ಟರು ಬಂದು ಪಾತ್ರೆಯ ಲಾರಿ ಬಾರದ ಹಾಗೆ, ನಾನು ಪೆಟ್ಟಿಗೆ ಇಳಿಸಿದ ಕಡೆ ಆಫೀಸರಿಲ್ಲ, ಆಫೀಸರ್ ಕಾದಿರುವ ಕಡೆಗೆ ನಾನು ಜೀವಸಹಿತ ತಲುಪುವುದಿಲ್ಲ.

ಆ ಆಫೀಸರನೋ, ದನಿ ಇನ್ನೂ ಒಡೆಯದ ಹುಡುಗ. ನಮ್ಮ ಆರು ಜನರ ತುಕಡಿಗೆ ಅವನೇ ದೊರೆ. ಮೈಕಿನಲ್ಲಿ ಅವನು “ಬಾಕ್ಸ್! ಬಾಕ್ಸ್!” ಎಂದು ಕೂಗಿದರೆ ಮೂವತ್ತು ವರ್ಷ ನೌಕರಿ ಮಾಡಿದ ನಾನು “ಯೆಸ್ ಸರ್” ಎಂದು ಓಡುತ್ತೇನೆ. ಒಮ್ಮೆ ಕಾರೆಂಟಾನ್ ಪಟ್ಟಣದ ಬೀದಿಯಲ್ಲಿ ದಾಳಿ ಕಾವೇರಿರುವಾಗ ಯಾವುದೋ ಭಾಷೆಯಲ್ಲಿ ಅವನ ತಾಯಿ ಗದರಿದ್ದು ಕೇಳಿಸಿತು. ಆಮೇಲೆ ಆಫೀಸರ್ ನಾಪತ್ತೆ. ಊಟಕ್ಕೋ ಹೋಂವರ್ಕಿಗೋ, ದೇವರೇ ಬಲ್ಲ. ನಾಜಿಗಳಿಗೆ ಸಾಧ್ಯವಾಗದ್ದನ್ನು ಆ ಮಹಾತಾಯಿ ಒಂದೇ ಕೂಗಿನಲ್ಲಿ ಮಾಡಿದರು.

ನನ್ನ ಮನೆಯ ರಂಗ ಬೇರೆ. “ಅಟ್ಟದಿಂದ ಒಂದು ಡಬ್ಬ ಇಳಿಸಿಕೊಡಿ ಅಂದ್ರೆ ಸೊಂಟ ಹಿಡ್ಕೊಂಡಿದೆ ಅಂತೀರಿ. ಫ್ರಾನ್ಸಲ್ಲಿ ಪೆಟ್ಟಿಗೆ ಹೊರೋಕೆ ಬರುತ್ತಾ?” ಎಂಬ ಹೆಂಡತಿಯ ಫಿರಂಗಿಗೆ ನನ್ನಲ್ಲಿ ಉತ್ತರವಿಲ್ಲ.

ಮೊನ್ನೆ ಪಂದ್ಯ ಗೆದ್ದೆವು. ಅಂಕಪಟ್ಟಿಯಲ್ಲಿ ಕೊಂದವರ ಲೆಕ್ಕದ ಮುಂದೆ ನನಗೆ ಸೊನ್ನೆ. ಆದರೆ ಸಪೋರ್ಟ್ ಅಂಕಗಳಲ್ಲಿ ಇಡೀ ತಂಡಕ್ಕೆ ನಾನೇ ಮೊದಲು! ಕೂಡಲೇ ಪರದೆಯ ಚಿತ್ರ ತೆಗೆದು ಅಕ್ಕನ ಮಗನಿಗೆ ಕಳಿಸಿದೆ.

“ಸೂಪರ್ ಮಾಮ,” ಎಂದು ಉತ್ತರ ಬಂತು. “ಆ ಕಾಲಮ್ಮನ್ನ ಯಾರೂ ನೋಡಲ್ಲ.”